ನಮ್ಮ ಕಡೆ ‘ಚಾಲು’ ಎಂದರೆ ಸಾಕು

ಮೂರು ವರ್ಷದಿಂದ ನನ್ನ ಕೆಲಸ ಬೇರೆಯವರ ಮಾತು ಕೇಳುವುದು. ಕೇಳಿ, ನಾಲ್ಕು ಗುಂಡಿಗಳಲ್ಲಿ ಒಂದನ್ನು ಒತ್ತುವುದು. ಇದಕ್ಕೂ ಸಂಬಳ ಕೊಡುತ್ತಾರಾ ಎಂದು ನಮ್ಮೂರಿನವರು ಇವತ್ತಿಗೂ ಕೇಳುತ್ತಾರೆ. ವಿವರಿಸಿ ವಿವರಿಸಿ ನನಗೇ ಬೇಜಾರು ಬಂದಿದೆ. ಆದರೂ ಇನ್ನೊಂದು ಸಲ ಹೇಳುತ್ತೇನೆ, ಇಲ್ಲದಿದ್ದರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ.

ಬೆಂಗಳೂರಿನ ಒಂದು ಕಂಪನಿ ಬೋರ್‌ವೆಲ್ ಮೋಟರಿಗೆ ಹಾಕುವ ಪೆಟ್ಟಿಗೆಯೊಂದನ್ನು ಮಾಡುತ್ತಿದೆ. ಮನೆಯಲ್ಲಿ ಕೂತು ಫೋನಿಗೆ ಬಾಯಲ್ಲಿ ಹೇಳಿದರೆ ತೋಟದಲ್ಲಿ ಮೋಟರು ಓಡಬೇಕು, ಹೇಳಿದರೆ ನಿಲ್ಲಬೇಕು. ಅದಕ್ಕೆ ಪೆಟ್ಟಿಗೆಗೆ ಕನ್ನಡ ಬರಬೇಕು. ಹಾಗಾಗಿ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕೆಲವು ರೈತರಿಗೆ ಮೊದಲೇ ಒಂದೊಂದು ಕೊಟ್ಟು, ಅವರು ಹೇಳಿದ್ದನ್ನೆಲ್ಲ ಅವರ ಒಪ್ಪಿಗೆಯಿಂದಲೇ ಹಿಡಿದಿಟ್ಟುಕೊಂಡು, ನಾಲ್ಕೈದು ಸೆಕೆಂಡಿನ ಚೂರು ಮಾಡಿ ನಮಗೆ ಕಳಿಸುತ್ತಾರೆ. ಅರ್ಧಂಬರ್ಧ ಕಲಿತ ಪೆಟ್ಟಿಗೆ ಹೇಳಿದ್ದೊಂದು ಮಾಡುವುದೊಂದು. ಆದ್ದರಿಂದ ಚೂರುಗಳಲ್ಲಿ ಬೈಗುಳವೇ ಹೆಚ್ಚು. ನಾನು ಕೇಳಿ ಒತ್ತಬೇಕಾದ ಗುಂಡಿಗಳು ಇವು: ‘ಶುರು ಮಾಡು’, ‘ನಿಲ್ಲಿಸು’, ‘ತಿಳಿಯಲಿಲ್ಲ’, ‘ಬೇರೆ ಭಾಷೆ’. ನಾವು ಒತ್ತಿದ್ದನ್ನು ನೋಡಿ ಯಂತ್ರ ಕಲಿಯುತ್ತದಂತೆ. ನಾನು ಡಿಗ್ರಿಯಲ್ಲಿ ಕನ್ನಡವನ್ನೇ ಐಚ್ಛಿಕವಾಗಿ ಓದಿದವಳು. ಓದಿದ್ದು ಇಷ್ಟು ತಡವಾಗಿಯಾದರೂ ಉಪಯೋಗಕ್ಕೆ ಬಂತಲ್ಲ ಎಂದು ಆಗ ಹಿಗ್ಗಿದ್ದೆ.

ಅದಕ್ಕೂ ಮುಂಚೆ ಆರು ವರ್ಷ ನರಸಾಪುರದ ಒಂದು ಕಾರ್ಖಾನೆಯಲ್ಲಿ ನಿಂತಿದ್ದೆ. ಕೆಲಸ ಮಾಡಿದೆ ಅನ್ನುವುದಕ್ಕಿಂತ ನಿಂತಿದ್ದೆ ಅನ್ನುವುದೇ ಸರಿ. ಬೆಳಗ್ಗೆ ಕಂಪನಿ ಬಸ್ಸಿಗೆ ನಿಲ್ಲುವುದು, ಒಳಗೆ ಹೋಗಿ ಪಾಳಿ ಮುಗಿಯುವ ತನಕ ಬೆಲ್ಟಿನ ಪಕ್ಕ ನಿಲ್ಲುವುದು, ಊಟಕ್ಕೆ ಸಾಲಿನಲ್ಲಿ ನಿಲ್ಲುವುದು. ಕೊನೆಗೆ ಎರಡೂ ಮೀನಖಂಡಗಳಲ್ಲಿ ನರ ಗಂಟು ಗಂಟಾಗಿ ಉಬ್ಬಿ ನೀಲಿಗಟ್ಟಿತು. ಡಾಕ್ಟರು ನೋಡಿ, ಇನ್ನು ನಿಲ್ಲುವ ಕೆಲಸ ಬಿಡಿ, ಬಿಡದಿದ್ದರೆ ಕಾಲು ಕುಯ್ಯಬೇಕಾಗುತ್ತದೆ ಎಂದರು. ನಮ್ಮ ಕಡೆ ಹೆಂಗಸರಿಗೆ ಕೂತು ಮಾಡುವ ಕೆಲಸ ಎಲ್ಲಿದೆ? ಕಾರ್ಖಾನೆ ಬಿಟ್ಟರೆ ಟೊಮೆಟೊ ಬಿಡಿಸುವುದು, ಅದು ಬಗ್ಗಿ ಮಾಡುವ ಕೆಲಸ.

ಅಂಥ ಹೊತ್ತಿಗೆ ಕೋಲಾರದ ಒಂದು ಸಭಾಂಗಣದಲ್ಲಿ ಮನೆಯಿಂದಲೇ ಕೆಲಸ ಮಾಡುವವರನ್ನು ಆರಿಸುವ ಸಮಾರಂಭ ನಡೆಯಿತು. ವೇದಿಕೆಯ ಮೇಲಿದ್ದವರು ನಮ್ಮ ಜಿಲ್ಲೆಯನ್ನು ನಾವೀನ್ಯದ ನಾಡು ಎಂದು ಕರೆದರು. ಇನ್ನು ನೀವು ಬೆಂಗಳೂರಿಗೆ ಬರಬೇಕಾಗಿಲ್ಲ, ಬೆಂಗಳೂರೇ ನಿಮ್ಮ ಮನೆ ಬಾಗಿಲಿಗೆ ಬರುತ್ತದೆ ಎಂದರು. ಎಲ್ಲರಿಗೂ ಬಟ್ಟೆಯ ಚೀಲ, ಪೆನ್ನು, ಕುತ್ತಿಗೆಗೆ ಹಾಕಿಕೊಳ್ಳುವ ಕಾರ್ಡು ಕೊಟ್ಟರು. ಮನೆಯಲ್ಲಿ ಕೂತು ಕೆಲಸ ಮಾಡುವವರಿಗೆ ಕುತ್ತಿಗೆ ಕಾರ್ಡು ಯಾಕೆಂದು ನನಗೆ ಆಗ ಹೊಳೆಯಲಿಲ್ಲ. ಕುರ್ಚಿಯ ಮೇಲೆ ಕೂತು ಕೆಲಸ ಎಂದರಲ್ಲ, ನಾನು ಅಂಗೈ ಉರಿಯುವ ಹಾಗೆ ಚಪ್ಪಾಳೆ ತಟ್ಟಿದೆ.

ನಮ್ಮೂರು ತಾಯಲೂರಿನ ಪಕ್ಕ, ಬಸ್ಸಿಳಿದು ನಡೆಯುವಷ್ಟು ದೂರ. ಮನೆಯಲ್ಲಿ ನಾನು, ನನ್ನ ಗಂಡ, ಅತ್ತೆ. ಗಂಡ ಇವತ್ತಿಗೂ ನರಸಾಪುರದ ಬಸ್ಸಿಗೇ ಹೋಗುವವರು. ಅತ್ತೆ ಒಂದೂವರೆ ಎಕರೆಯ ಹಿಪ್ಪುನೇರಳೆ ಮತ್ತು ರೇಷ್ಮೆ ಹುಳುವಿನ ಯಜಮಾನಿ. ನಾನು ಕೆಲಸಕ್ಕೆ ಕೂತ ಜಾಗ ಹುಳುಮನೆಯ ಪಕ್ಕದ ಚಿಕ್ಕ ಕೋಣೆ. ಮೊದಲು ನಡುಮನೆಯಲ್ಲೇ ಕೂತಿದ್ದೆ. ಆದರೆ ಮನೆಯಲ್ಲಿ ಕೂತ ಹೆಂಗಸು ಕೆಲಸದಲ್ಲಿದ್ದಾಳೆ ಎಂದು ನಂಬುವ ಒಬ್ಬ ಪ್ರಾಣಿಯೂ ನಮ್ಮ ಬೀದಿಯಲ್ಲಿಲ್ಲ. ಒಬ್ಬರಿಗೆ ಪಹಣಿ ತೆಗೆಯಬೇಕು, ಒಬ್ಬರಿಗೆ ಗ್ಯಾಸ್ ಬುಕ್ ಮಾಡಬೇಕು, ಇನ್ನೊಬ್ಬರ ರಾಗಿಗೆ ಕೋಳಿ ಬರದ ಹಾಗೆ ನೋಡಿಕೊಳ್ಳಬೇಕು. ಹುಳುಮನೆಗಾದರೆ ಹೊರಗಿನವರು ಸುಲಭವಾಗಿ ಬರುವಂತಿಲ್ಲ. ಹುಳುವಿಗೆ ರೋಗ ಅಂಟುತ್ತದೆಂದು ಬಾಗಿಲಲ್ಲಿ ಬ್ಲೀಚಿಂಗ್ ಪೌಡರ್ ನೀರು ಇಟ್ಟಿರುತ್ತೇವೆ, ಅದರಲ್ಲಿ ಕಾಲು ಅದ್ದಿಯೇ ಬರಬೇಕು. ಆ ನೀರಿಗೆ ಹೆದರಿ ಎಲ್ಲರೂ ಅಂಗಳದಲ್ಲೇ ಉಳಿದರು. ಹುಳುಗಳು ನನಗೆ ಮಾಡಿದ ಉಪಕಾರವನ್ನು ಮನುಷ್ಯರು ಮಾಡಲಿಲ್ಲ.

ಕಂಪನಿಯ ಪರದೆಯ ಮೂಲೆಯಲ್ಲಿ ಒಂದು ಚುಕ್ಕಿ ಇರುತ್ತದೆ. ಸರಿಯಾಗಿ ಒತ್ತುತ್ತಿದ್ದರೆ ಹಸಿರು, ತಪ್ಪು ಕಂಡರೆ ಹಳದಿ, ಹೆಚ್ಚಾದರೆ ಕೆಂಪು. ಕೆಂಪಾದರೆ ಮಾರನೆಯ ದಿನದಿಂದ ಪರದೆಯೇ ತೆರೆಯುವುದಿಲ್ಲ, ಕೆಲಸ ಹೋಯಿತು ಎಂದು ಯಾರೂ ಫೋನು ಮಾಡಿ ಹೇಳುವುದೂ ಇಲ್ಲ. ಮೊದಲ ವರ್ಷವೆಲ್ಲ ನನ್ನದು ಹಸಿರಾಗಿಯೇ ಇತ್ತು. ಎರಡನೆಯ ವರ್ಷ ಒಂದು ಬೆಳಗ್ಗೆ ನೋಡಿದರೆ ಹಳದಿ. ಜೊತೆಗೆ ಒಂದು ಪಟ್ಟಿ ಬಂದಿತ್ತು. ನಾನು ತಪ್ಪಾಗಿ ಒತ್ತಿದ ಹನ್ನೊಂದು ಚೂರುಗಳು. ಒಂದೊಂದನ್ನೂ ಮತ್ತೆ ಕೇಳಿದೆ. ಹನ್ನೊಂದರಲ್ಲೂ ಒಂದೇ ಪದ: ಚಾಲು.

‘ಚಾಲಪ್ಪಾ, ಚಾಲು.’ ‘ಇಂಕ ಚಾಲು, ಮಡಿ ತುಂಬ್ತು.’ ‘ಏಯ್ ಚಾಲಂದ್ರೆ ಚಾಲು.’ ಎಲ್ಲದಕ್ಕೂ ನಾನು ‘ನಿಲ್ಲಿಸು’ ಒತ್ತಿದ್ದೆ. ನಮ್ಮ ಕಡೆ ಚಾಲು ಎಂದರೆ ಸಾಕು, ಇಂಕ ಎಂದರೆ ಇನ್ನು. ಪರೀಕ್ಷೆ ಮಾಡಿದವರು ಪ್ರತಿಯೊಂದರ ಮುಂದೆಯೂ ಬರೆದಿದ್ದರು: ಸರಿಯುತ್ತರ ‘ಶುರು ಮಾಡು’.

ನನಗೆ ಪಿತ್ತ ನೆತ್ತಿಗೇರಿತು. ನಮ್ಮ ತಂಡದ ಮೇಲ್ವಿಚಾರಕಿಗೆ ಫೋನು ಹಚ್ಚಿದೆ. ಅವಳನ್ನು ನಾವು ಲೀಡ್ ಎನ್ನುತ್ತೇವೆ. ಹುಬ್ಬಳ್ಳಿ ಕಡೆಯ ಹುಡುಗಿ, ಬೆಂಗಳೂರಿನಲ್ಲಿ ಕೆಲಸ, ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ಚಿಕ್ಕವಳು. ನಿಯಮದ ಪುಸ್ತಕ ಬರೆದವಳೂ ಅವಳೇ. ಚಾಲು ಎಂದರೆ ಸಾಕು ಎಂದು ನಾನು ಹೇಳಿದಾಗ ಅವಳಿಗೆ ನಿಜವಾಗಿಯೂ ಆಶ್ಚರ್ಯವಾಯಿತು.

‘ಅಕ್ಕಾರ, ಚಾಲೂ ಅಂದ್ರ ಚಾಲೂನ ಅಲ್ಲೇನ್ರಿ? ಮೋಟರ್ ಚಾಲೂ ಮಾಡು ಅಂತೀವಿ. ನಮ್ಮ ಕಡೆ ಸಣ್ಣ ಹುಡುಗ್ರಿಗೂ ಗೊತ್ತೈತಿ.’

ಅದೂ ನಿಜವೇ. ಅವಳ ಕಡೆ ಚಾಲೂ ಎಂದರೆ ಶುರು. ಅಷ್ಟು ದೂರ ಯಾಕೆ, ಮುಳಬಾಗಿಲಿನಲ್ಲಿ ನಮ್ಮ ಮೋಟರಿಗೆ ವೈಂಡಿಂಗ್ ಮಾಡುವ ಭಾಯಿಯೂ ತಂತಿ ಕೂಡಿಸಿ, ‘ಚಾಲೂ ಆಯ್ತಮ್ಮಾ’ ಎಂದೇ ಹೇಳುತ್ತಾರೆ. ಅದೇ ಭಾಯಿ ನಮ್ಮನೆಯಲ್ಲಿ ನಾನು ಟೀ ಬಗ್ಗಿಸುವಾಗ ‘ಚಾಲಮ್ಮಾ, ಚಾಲು’ ಎನ್ನುತ್ತಾರೆ. ಒಂದು ಎಳೆದು ಹೇಳುವುದು, ಇನ್ನೊಂದು ಕತ್ತರಿಸಿ ಹೇಳುವುದು. ಇಷ್ಟು ವರ್ಷದಲ್ಲಿ ನಮ್ಮಲ್ಲಿ ಒಬ್ಬರಿಗೂ ಒಂದು ದಿನವೂ ಇದರಲ್ಲಿ ಗೊಂದಲವಾಗಿಲ್ಲ. ಇದನ್ನೆಲ್ಲ ಹೇಳಿದೆ. ಎರಡು ಸಲ ಹೇಳಿದೆ.

ಅವಳು ಬೇರೆ ಯಾರನ್ನೋ ಕೇಳಿ ಬಂದು, ಅದು ತೆಲುಗು ಪದವಂತಲ್ಲ ಎಂದಳು. ತೆಲುಗಾದರೆ ‘ಬೇರೆ ಭಾಷೆ’ ಗುಂಡಿ ಒತ್ತಿ, ಆಗ ತಪ್ಪೆಂದು ತೋರಿಸುವುದಿಲ್ಲ ಎಂದಳು.

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ಆ ಕ್ಷಣದ ತನಕ ಚಾಲು ಎಂಬುದು ತೆಲುಗು ಎಂದು ನನಗೆ ಗೊತ್ತೇ ಇರಲಿಲ್ಲ. ಐಚ್ಛಿಕ ಕನ್ನಡ ಓದಿದ ನನಗೆ. ನನ್ನ ತವರು ಶ್ರೀನಿವಾಸಪುರದ ಕಡೆ, ಅಲ್ಲೂ ಚಾಲು, ಮದುವೆಯಾಗಿ ಬಂದ ಇಲ್ಲೂ ಚಾಲು. ಅಂಗಡಿಯಲ್ಲಿ ಬೇಳೆ ತೂಗಿಸುವಾಗ, ಎಮ್ಮೆಗೆ ಬೂಸ ಹಾಕುವಾಗ, ಜಗಳ ಬಿಡಿಸುವಾಗ ಹೇಳಿದ್ದು ಅದೇ ಪದ. ಅದನ್ನು ನಾನು ಕನ್ನಡವೆಂದೇ ತಿಳಿದಿದ್ದೆ. ನಮ್ಮ ಬಾಯಲ್ಲಿ ಯಾವುದು ಎಲ್ಲಿಂದ ಬಂತೆಂದು ಯಾರು ಲೆಕ್ಕ ಇಟ್ಟಿದ್ದಾರೆ? ನಾಚಿಕೆಯೂ ಆಯಿತು, ಸಿಟ್ಟೂ ಬಂತು. ನಾಚಿಕೆ ಸ್ವಲ್ಪ ಹೊತ್ತಿಗೆ ಹೋಯಿತು, ಸಿಟ್ಟು ಇನ್ನೂ ಇದೆ.

‘ಬೇರೆ ಭಾಷೆ’ ಒತ್ತಿದರೆ ಆಗುವುದೇನು ಎಂದರೆ, ಆ ಚೂರನ್ನು ಯಂತ್ರ ಎತ್ತಿ ಬಿಸಾಕುತ್ತದೆ. ಅದು ಮಾತೇ ಅಲ್ಲ ಎಂದು ಕಲಿಯುತ್ತದೆ. ನಮ್ಮ ಬೋರ್‌ವೆಲ್‌ಗಳ ಕಥೆ ಗೊತ್ತಿದ್ದವರಿಗೆ ಇದು ಎಷ್ಟು ದೊಡ್ಡ ತಪ್ಪೆಂದು ಹೇಳಬೇಕಾಗಿಲ್ಲ. ನೀರು ಬರುತ್ತಾ ಬರುತ್ತಾ ನಿಂತುಬಿಡುತ್ತದೆ. ಆಗ ತಕ್ಷಣ ಮೋಟರು ನಿಲ್ಲಿಸದಿದ್ದರೆ ಒಣಗೇ ತಿರುಗಿ ಕಾಯಿಲ್ ಸುಡುತ್ತದೆ, ಮೋಟರನ್ನು ಪೂರ್ತಿ ಮೇಲೆತ್ತಬೇಕಾಗುತ್ತದೆ. ಗಾಬರಿಯಲ್ಲಿ ನಮ್ಮವರ ಬಾಯಿಗೆ ಬರುವುದು ಚಾಲು ಚಾಲು ಎಂದೇ. ಅಂಥ ಪದವನ್ನೇ ಕೇಳಿಸಿಕೊಳ್ಳಬೇಡ ಎಂದು ಪೆಟ್ಟಿಗೆಗೆ ಕಲಿಸಬೇಕಂತೆ, ಅದೂ ನಾನು.

ಇದನ್ನು ಬರೆದು ಕಳಿಸಿದೆ. ಉದ್ದದ ಪತ್ರ, ಒಂದು ಇಡೀ ಬೆಳಗಿನ ಕೆಲಸ ಬಿಟ್ಟು ಬರೆದಿದ್ದು. ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ ಎಂದು ಉತ್ತರ ಬಂತು. ಪತ್ರ ಹೋದ ಅರೆನಿಮಿಷಕ್ಕೇ ಬಂದಿದ್ದರಿಂದ ಅದನ್ನು ಬರೆದದ್ದು ಮನುಷ್ಯರಲ್ಲ ಎಂದು ಗೊತ್ತಾಯಿತು. ಇನ್ನೊಂದು ಬರೆದೆ. ಅದಕ್ಕೂ ನನ್ನ ಅಭಿಪ್ರಾಯ ಅಮೂಲ್ಯವೇ ಆಗಿತ್ತು.

ಯಾರನ್ನಾದರೂ ಮುಖತಃ ನೋಡಿ ಹೇಳಿಬಿಡೋಣವೆಂದು ಕೋಲಾರದ ಕೇಂದ್ರಕ್ಕೆ ಹೋದೆ. ಸಮಾರಂಭದ ದಿನ ಅದರ ವಿಳಾಸವನ್ನೂ ಕೊಟ್ಟಿದ್ದರು, ಏನೇ ತೊಂದರೆಯಾದರೂ ಬನ್ನಿ ಎಂದಿದ್ದರು. ಕುತ್ತಿಗೆ ಕಾರ್ಡನ್ನು ಆವತ್ತು ಮೊದಲ ಸಲ ಹಾಕಿಕೊಂಡೆ. ಬಸ್ಸಿನಲ್ಲಿ ಸೀಟು ಸಿಗದೆ ಮುಳಬಾಗಿಲಿನಿಂದ ನಿಂತೇ ಬಂದೆ, ಕಾಲು ಜೋಮು ಹಿಡಿದಿತ್ತು. ಹೋಗಿ ನೋಡಿದರೆ ಎರಡನೆಯ ಮಹಡಿಯ ಗಾಜಿನ ಬಾಗಿಲಿಗೆ ಬೀಗ. ಒಳಗೆ ಸಾಲಾಗಿ ಕಂಪ್ಯೂಟರುಗಳು, ಕುರ್ಚಿಗಳ ಪ್ಲಾಸ್ಟಿಕ್ ಕವರನ್ನು ಇನ್ನೂ ಕಿತ್ತಿರಲಿಲ್ಲ. ಕೆಳಗಿದ್ದ ವಾಚ್‌ಮನ್ ನನ್ನ ಕಾರ್ಡು ನೋಡಿ ಎದ್ದು ನಿಂತರು. ಒಳಗೆ ಯಾರಿದ್ದಾರೆ ಎಂದು ಕೇಳಿದೆ.

‘ಯಾರಿರ್ತಾರಮ್ಮಾ? ಎಲ್ರೂ ಮನೆಯಿಂದ್ಲೇ ಕೆಲ್ಸ ಮಾಡ್ತಾರಲ್ಲ. ಇಲ್ಲಿಗ್ಯಾಕ್ ಬರ್ತಾರೆ.’

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮನೆಯಲ್ಲಿ ಕೂತು ಕೆಲಸ ಮಾಡುವವಳು ತಾನೇ ನಾನೂ. ಅವರು ಕುರ್ಚಿ ಕೊಟ್ಟರು, ಕಾಲು ನೀವಿಕೊಳ್ಳುತ್ತಾ ಕಾಲು ಗಂಟೆ ಕೂತು ಎದ್ದು ಬಂದೆ. ಬೆಂಗಳೂರು ಮನೆ ಬಾಗಿಲಿಗೆ ಬರುತ್ತದೆ ಎಂದಿದ್ದರು. ಬಂದಿದೆ, ಇಲ್ಲ ಎನ್ನುವುದಿಲ್ಲ. ಆದರೆ ನಾವು ಅದರ ಬಾಗಿಲಿಗೆ ಹೋದರೆ ಬೀಗ.

ಅದಾದ ಎರಡು ವಾರಕ್ಕೆ ಚುಕ್ಕಿ ಹಳದಿಯಿಂದ ಕಿತ್ತಳೆಗೆ ತಿರುಗಿತು. ಕಿತ್ತಳೆ ಎಂಬ ಬಣ್ಣವೂ ಇದೆ ಎಂದು ಆಗ ತಿಳಿಯಿತು. ಅಷ್ಟರ ತನಕ ನಾನು ಹಟದಿಂದ ‘ನಿಲ್ಲಿಸು’ ಒತ್ತುತ್ತಲೇ ಇದ್ದೆ. ನಮ್ಮ ತಂಡದಲ್ಲಿದ್ದ ಮಾಲೂರಿನ ಒಬ್ಬಾಕೆಯ ಪರದೆ ಅದೇ ವಾರ ಮುಚ್ಚಿಹೋಗಿತ್ತು. ಆಕೆ ಮತ್ತೆ ಕಾರ್ಖಾನೆಗೆ ಹೋಗುತ್ತಿದ್ದಾಳೆಂದು ಕೇಳಿದೆ. ಆವತ್ತು ಮಧ್ಯಾಹ್ನ ನಾನು ಸೀರೆಯನ್ನು ಸ್ವಲ್ಪ ಮೇಲೆತ್ತಿ ಕಾಲು ನೋಡಿಕೊಂಡೆ. ಕೂತು ಕೂತು ಗಂಟುಗಳು ಇಳಿದಿದ್ದವು, ನೀಲಿ ಮಾಸಿತ್ತು. ಆಮೇಲೆ ಬಂದ ಮೊದಲ ಚೂರು ಯಾರೋ ಹೆಂಗಸಿನದು. ಹಿಂದೆ ಕೋಳಿಗಳ ಸದ್ದು. ‘ಚಾಲಪ್ಪಾ, ನೀರು ನಿಂತೋಯ್ತು, ಚಾಲು.’ ಎರಡು ಸಲ ಕೇಳಿದೆ, ‘ಬೇರೆ ಭಾಷೆ’ ಒತ್ತಿದೆ.

ಒಂದನ್ನು ಒತ್ತಿದ ಮೇಲೆ ಉಳಿದವು ಕಷ್ಟವಾಗಲಿಲ್ಲ. ಅದೇ ನನಗೆ ಇವತ್ತಿಗೂ ಅಸಹ್ಯ. ತಿಂಗಳೊಪ್ಪತ್ತಿನಲ್ಲಿ ಬೆರಳು ತಾನಾಗಿ ಹೋಗಿ ಒತ್ತುತ್ತಿತ್ತು, ಚೂರನ್ನು ಪೂರ್ತಿ ಕೇಳುವ ಮುಂಚೆಯೇ. ಚಾಲು ಬಂದರೆ ಬೇರೆ ಭಾಷೆ, ಇಂಕ ಬಂದರೆ ಬೇರೆ ಭಾಷೆ. ಚುಕ್ಕಿ ಹಸಿರಾಯಿತು. ತಿಂಗಳ ಅತ್ಯುತ್ತಮ ಕೆಲಸಗಾರ್ತಿ ಎಂದು ನನ್ನ ಫೋಟೋ ಹಾಕಿದ ಅಭಿನಂದನಾ ಪತ್ರ ಬಂತು. ಗಂಡ ಅದನ್ನು ಫೋನಿನಲ್ಲಿ ಎಲ್ಲರಿಗೂ ಕಳಿಸಿದರು. ಅತ್ತೆ, ನಮ್ಮ ಸೊಸೆ ಮಿಷನ್ನಿಗೆ ಪಾಠ ಹೇಳುತ್ತಾಳೆ ಎಂದು ಹಾಲಿನ ಡೈರಿಯಲ್ಲಿ ಹೇಳಿಕೊಂಡು ಬಂದರು.

ಆ ಅಭಿನಂದನೆಯೇ ಮುಂದಿನದಕ್ಕೆ ದಾರಿ ಮಾಡಿತು. ಪೆಟ್ಟಿಗೆ ಮಾರಾಟಕ್ಕೆ ಸಿದ್ಧವಾಗಿದೆ, ನಿಮ್ಮ ಹಳ್ಳಿಯಲ್ಲೇ ರೈತರಿಗೆ ತೋರಿಸೋಣ, ಒಳ್ಳೆಯ ಕೆಲಸಗಾರ್ತಿಯ ತೋಟವಾದರೆ ಚೆನ್ನಾಗಿರುತ್ತದೆ ಎಂದು ಲೀಡ್ ಫೋನು ಮಾಡಿದಳು. ಒಂದು ಪೆಟ್ಟಿಗೆ ನಮಗೆ ಪುಕ್ಕಟೆ. ಬೇಡ ಎನ್ನಲು ಕಾರಣ ಹೇಳಬೇಕಿತ್ತು, ಹೇಳುವ ಧೈರ್ಯ ನನಗಿರಲಿಲ್ಲ.

ಬೆಳಗ್ಗೆ ಹತ್ತರ ಹೊತ್ತಿಗೆ ನಮ್ಮ ತೋಟದಲ್ಲಿ ಮೂವತ್ತು ನಲವತ್ತು ಜನ ಸೇರಿದ್ದರು. ಲೀಡ್ ಅವತ್ತೇ ಮೊದಲು ಕಣ್ಣಿಗೆ ಬಿದ್ದದ್ದು, ಸಣ್ಣಗೆ ಬಳುಕುವ ಹುಡುಗಿ. ಬಂದವಳೇ ಅತ್ತೆಯ ಕಾಲಿಗೆ ನಮಸ್ಕಾರ ಮಾಡಿದಳು. ಅತ್ತೆಗೆ ಅವಳು ಬಹಳ ಹಿಡಿಸಿದಳು. ಮೊದಲು ಯಾರು ಮಾತಾಡುತ್ತೀರಿ ಎಂದಾಗ ಅತ್ತೆಯೇ ಸೆರಗು ಸರಿಮಾಡಿಕೊಂಡು ಮುಂದೆ ಬಂದು ಫೋನು ಹಿಡಿದರು.

‘ಮೋಟ್ರು ಹಾಕಪ್ಪಾ’ ಎಂದರು. ಪೆಟ್ಟಿಗೆಯಲ್ಲಿ ಟಕ್ ಎಂದು ಸದ್ದಾಗಿ ಮೋಟರು ಓಡಿತು, ತೊಟ್ಟಿಗೆ ನೀರು ಬಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅತ್ತೆ ನನ್ನ ಕಡೆ ನೋಡಿ ನಕ್ಕರು. ತೊಟ್ಟಿ ಚಿಕ್ಕದು, ಎರಡು ನಿಮಿಷಕ್ಕೆ ತುಂಬಿತು.

‘ಚಾಲು ಚಾಲು’ ಎಂದರು ಅತ್ತೆ.

ಫೋನಿನೊಳಗಿಂದ ಸ್ಪಷ್ಟವಾದ ಹೆಣ್ಣು ದನಿ ಹೇಳಿತು: ‘ದಯವಿಟ್ಟು ಕನ್ನಡದಲ್ಲಿ ಮಾತನಾಡಿ.’

ಜನ ನಕ್ಕರು. ಅತ್ತೆಗೆ ಸರಿಯಾಗಿ ಕೇಳಿಸಲಿಲ್ಲವೇನೋ, ಫೋನನ್ನು ಬಾಯಿಗೆ ಹತ್ತಿರ ಹಿಡಿದು, ‘ಚಾಲಪ್ಪಾ, ತೊಟ್ಟಿ ತುಂಬೋಯ್ತು’ ಎಂದರು. ಅದು ಮತ್ತೆ ಅದನ್ನೇ ಹೇಳಿತು, ಅಷ್ಟೇ ಮೃದುವಾಗಿ. ಮೂರನೆಯ ಸಲ ಅತ್ತೆ ಗಟ್ಟಿಯಾಗಿ ಕೂಗಿದರು. ನೀರು ತೊಟ್ಟಿ ಮೀರಿ ಕಾಲಡಿಗೆ ಹರಿಯತೊಡಗಿತು. ಹಿಂದಿನಿಂದ ಯಾರೋ ತೆಲುಗಿನಲ್ಲಿ ತಮಾಷೆ ಮಾಡಿದರು, ಮತ್ತೆ ನಗು. ನಾನು ಓಡಿಹೋಗಿ ಸ್ಟಾರ್ಟರನ್ನು ಕೈಯಿಂದಲೇ ಆಫ್ ಮಾಡಿದೆ. ತಿರುಗಿದಾಗ ಅತ್ತೆ ಫೋನು ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದರು.

‘ಏನಮ್ಮಾ, ನಾನ್ ಮಾತಾಡಿದ್ದು ಕನ್ನಡ ಅಲ್ವಂತಾ?’

ಉತ್ತರ ನನಗೆ ಗೊತ್ತಿತ್ತು. ಅಲ್ಲ ಎಂದು ಅದಕ್ಕೆ ಕಲಿಸಿದವಳು ನಾನೇ, ಹಗಲೆಲ್ಲ ಕೂತು, ಹುಳುಮನೆಯ ಪಕ್ಕದಲ್ಲಿ. ಮಿಷನ್ನಿಗೆ ಇನ್ನೂ ಸರಿಯಾಗಿ ಬರುವುದಿಲ್ಲ ಅತ್ತೆ ಎಂದು ಹೇಳಿ ತಪ್ಪಿಸಿಕೊಂಡೆ. ಲೀಡ್ ಮುಖ ಬಾಡಿತ್ತು. ಜನ ಚದುರಿದ ಮೇಲೆ ಹತ್ತಿರ ಬಂದು ಮೆಲ್ಲಗೆ ಹೇಳಿದಳು, ‘ನೀವು ಮೊದಲಽ ಹೇಳಿದ್ರಿ ಅಕ್ಕಾರ. ನಾ ಮ್ಯಾಲಿನವ್ರಿಗೆ ಹೇಳ್ತೀನ್ರಿ.’ ಹೇಳಿರಲೂಬಹುದು. ಪೆಟ್ಟಿಗೆಗಳು ಅಷ್ಟರಲ್ಲಾಗಲೇ ಅಂಗಡಿಗಳಿಗೆ ಹೋಗಿದ್ದವು. ಅವಳ ಮೇಲೆ ಕೂಗಾಡಬೇಕೆಂದು ತಿಂಗಳುಗಟ್ಟಲೆ ಕೂಡಿಟ್ಟುಕೊಂಡಿದ್ದೆ, ಆ ಹುಡುಗಿಯ ಮುಖ ನೋಡಿ ಅದೂ ಆಗಲಿಲ್ಲ.

ಅತ್ತೆ ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ಸಿಟ್ಟಾಗಲಿಲ್ಲ. ಮಾರನೆಯ ದಿನ ಹುಳುವಿಗೆ ಸೊಪ್ಪು ಹಾಕಿ, ಕೈ ಒರೆಸಿಕೊಂಡು ನನ್ನ ಕೋಣೆಗೆ ಬಂದು ನೆಲದ ಮೇಲೆ ಕೂತರು. ಜನದ ಮುಂದೆ ಮರ್ಯಾದೆ ಹೋಯಿತು ಎಂದು ಹೇಳಲಿಲ್ಲ. ಅಷ್ಟು ಒಳ್ಳೆಯ ಪೆಟ್ಟಿಗೆ ಪುಕ್ಕಟೆ ಬಂದಿದೆ, ಅದರ ಜೊತೆ ಮಾತಾಡಲು ತನಗೆ ಬರಲಿಲ್ಲವಲ್ಲ ಎಂದರು.

‘ಏನೋ ಒಂದ್ ಮಾತು ಅನ್ಬೇಕಂತಲ್ಲಮ್ಮಾ. ನಂಗೂ ಹೇಳ್ಕೊಡು.’

ನಿಲ್ಲಿಸು ಎಂದು ಹೇಳಿಕೊಟ್ಟೆ. ಅವರು ಕಣ್ಣು ಮುಚ್ಚಿಕೊಂಡು ಹೇಳಿದರು. ಬಾಯಿ ತಾನಾಗಿ ಹಳೆಯ ದಾರಿಗೇ ತಿರುಗಿ ‘ನಿಲುಪು’ ಎಂದಿತು. ಅದು ತೆಲುಗು ಎಂದು ಈಗ ನನಗೆ ಚೆನ್ನಾಗಿ ಗೊತ್ತು. ನನ್ನ ಬಲಗೈ ಬೆರಳು ಮೌಸಿನ ಮೇಲೆ ಅಲುಗಿತು.

‘ಅಲ್ಲ ಅತ್ತೆ, ತಪ್ಪು,’ ಎಂದೆ. ‘ಇನ್ನೊಂದ್ ಸಲ ಅನ್ನಿ.’